ಜಪಾನಿನ ಚೆಂಡಾಟಗಾರರು ಅಮೇರಿಕಕ್ಕೆ ಹೋದ ವೃತ್ತಾಂತ

ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಪರದೇಶದ ಚೆಂಡಾಟವೊಂದರ ಸಂಗತಿಯನ್ನು ಕಂಡು ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಗಳಲ್ಲಿಯೂ ಕೆಲವರು ಆಶ್ಚರ್ಯಪಡಬಹುದು. ಕಾರಣವಿಲ್ಲದೆ ನಾವು ಈ ವಿಷಯವನ್ನು ಆರಿಸಿಕೊಂಡಿಲ್ಲ. ಪ್ರತಿ ವರುಷವೂ ಪರೀಕ್ಷೆಯ ಫಲಿತಾಂಶವು ಪ್ರಕಟವಾದ ಮೇಲೆ ನಮ್ಮ ಕೊಠಡಿಗೆ ಬರುವ ಹೆತ್ತವರಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಕೇಳುತ್ತಾರೆ. "ಟೀಚರಮ್ಮಾ, ಹುಡುಗಿಯು ದೂರದೂರಿಗೆ ಹೋಗಿ ಓದುತ್ತೇನೆನ್ನುತ್ತಾಳೆ. ಕಳುಹಿಸಿದರೆ ಅವಳು ನಮ್ಮವಳಾಗಿ ಉಳಿಯುವಳೇ?" ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆಂಬ ಗಾದೆಯು ಅವರ ಮನಸ್ಸಿನಲ್ಲಿರುವುದನ್ನು ನಾವು ಬಲ್ಲೆವು. ಇದಕ್ಕೆ ಉಪದೇಶದಿಂದ ಉತ್ತರ ಕೊಡುವುದು ಸುಲಭ. ದೃಷ್ಟಾಂತದಿಂದ ಕೊಡುವುದು ಮೇಲು. ಒಂದು ದೇಶವು ತಾನು ಬೆಳೆಸಿದ ಮಕ್ಕಳನ್ನು ದೊಡ್ಡ ಮೈದಾನಕ್ಕೆ ಬಿಡಲು ಮೊದಲು ಒಲ್ಲೆನೆಂದಿತು, ಬಳಿಕ ಜಗಳವಾಡಿತು, ಕಡೆಗೆ ಒಂದು ಕಟ್ಟಳೆಯನ್ನು ಮಾಡಿಕೊಂಡು ಬಿಟ್ಟುಕೊಟ್ಟಿತು. ಅದರಿಂದ ಆ ದೇಶಕ್ಕೆ ಉಂಟಾದ ನಷ್ಟವೇನು, ಲಾಭವೇನು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಬೇಸ್‌ಬಾಲ್ ಆಟವನ್ನು ನೋಡದವರಿಗಾಗಿ ಎರಡು ಮಾತು. ಪ್ರತಿಯೊಂದು ಪಕ್ಷದಲ್ಲಿ ೯ ಮಂದಿ ಇರುತ್ತಾರೆ. ಒಂದು ಪಕ್ಷದ ಎಸೆಗಾರನು ಚೆಂಡನ್ನು ನೆಲಕ್ಕೆ ತಾಗಿಸದೆ ಬೀಸಿ ಎಸೆಯುವನು. ಎದುರು ಪಕ್ಷದ ದಾಂಡಿಗನು ದುಂಡು ದಾಂಡಿನಿಂದ ಅದನ್ನು ಹೊಡೆದು, ಚೌಕವಾಗಿ ಗುರುತಿಸಿರುವ ನಾಲ್ಕು ನೆಲೆಗಳನ್ನು ಸುತ್ತಿಬಂದರೆ ಒಂದು ಓಟವಾಗುತ್ತದೆ. ಬೇಲಿಯಾಚೆಗೆ ಹೊಡೆದ ಚೆಂಡಿಗೆ ಹೋಂ ರನ್ ಎಂದು ಹೆಸರು. ೩ ಮಂದಿ ಔಟಾದೊಡನೆ ಸರದಿಯು ಬದಲಾಗುತ್ತದೆ. ಹೀಗೆ ೯ ಸರದಿಗಳು. ಅಮೇರಿಕದಲ್ಲಿ ಈ ಆಟದ ಅತ್ಯುಚ್ಚ ಪಂಗಡಕ್ಕೆ ಮೇಜರ್ ಲೀಗ್ ಎನ್ನುತ್ತಾರೆ. ಅದರಲ್ಲಿ ೩೦ ತಂಡಗಳಿವೆ.

ಈ ಆಟವು ಜಪಾನಿಗೆ ಬಂದದ್ದು ಶಾಲೆಯ ಬಾಗಿಲಿನಿಂದಲೇ ಎಂಬುದು ಉಪಾಧ್ಯಾಯರಾದ ನಮಗೆ ಸಂತೋಷವನ್ನುಂಟುಮಾಡುವ ಸಂಗತಿ. ೧೮೭೨ನೆಯ ಇಸವಿಯ ಸುಮಾರಿಗೆ ಟೋಕಿಯೊ ನಗರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಹೊರೇಸ್ ವಿಲ್ಸನ್ ಎಂಬ ಅಮೇರಿಕನ್ ಉಪಾಧ್ಯಾಯನು ತನ್ನ ವಿದ್ಯಾರ್ಥಿಗಳಿಗೆ ಇದನ್ನು ಕಲಿಸಿದನು. ಮುಂದೆ ಜಪಾನೀಯರು ಇದಕ್ಕೆ ಯಾಕ್ಯೂ, ಅಂದರೆ ಬಯಲ ಚೆಂಡು, ಎಂಬ ಹೆಸರನ್ನು ತಮ್ಮ ಭಾಷೆಯಲ್ಲಿಯೇ ಇಟ್ಟುಕೊಂಡರು. ಪ್ರೌಢಶಾಲೆಗಳ ನಡುವಣ ರಾಷ್ಟ್ರೀಯ ಪಂದ್ಯಾವಳಿಯು ೧೯೧೫ರಲ್ಲಿ ಪ್ರಾರಂಭವಾಯಿತು. ೧೯೨೪ರಲ್ಲಿ ಒಸಾಕಾ ನಗರದ ಬಳಿಯಲ್ಲಿ ಕೋಶಿಯೆನ್ ಎಂಬ ವಿಶಾಲವಾದ ಕ್ರೀಡಾಂಗಣವು ಅದಕ್ಕೆ ನೆಲೆಯಾಯಿತು. ಅಲ್ಲಿ ಸೋತ ಶಾಲೆಯ ಹುಡುಗರು ಅಂಗಳದ ಮಣ್ಣನ್ನು ಬೊಗಸೆಯಿಂದ ಚೀಲಕ್ಕೆ ತುಂಬಿಕೊಂಡು ಮನೆಗೆ ಒಯ್ಯುವ ವಾಡಿಕೆಯಿದೆ. ಆಡಿದ ನೆಲದ ಮೇಲೆ ಅವರಿಗಿರುವ ಅಭಿಮಾನವು ಇದರಿಂದ ತಿಳಿಯುತ್ತದೆ.

೧೯೩೪ರಲ್ಲಿ ಅಮೇರಿಕದ ಶ್ರೇಷ್ಠ ಆಟಗಾರರ ತಂಡವೊಂದು ಜಪಾನಿಗೆ ಬಂದಿತು. ಜಗತ್ಪ್ರಸಿದ್ಧನಾದ ಬೇಬ್ ರೂತನು ಅದರಲ್ಲಿದ್ದನು. ಆ ವರುಷದ ನವೆಂಬರ್ ತಿಂಗಳಲ್ಲಿ ಶಿಝುವೊಕಾ ಎಂಬ ಊರಿನಲ್ಲಿ, ೧೭ ವರುಷದ ಎಯಿಜಿ ಸವಾಮುರಾ ಎಂಬ ಎಸೆಗಾರನು ರೂತನೇ ಮೊದಲಾದ ನಾಲ್ವರು ಹೆಸರಾಂತ ದಾಂಡಿಗರನ್ನು ಒಬ್ಬರ ಹಿಂದೊಬ್ಬರಂತೆ ಔಟ್ ಮಾಡಿದನು. ಪಂದ್ಯವನ್ನು ಜಪಾನೀಯರು ಒಂದೇ ಓಟದಿಂದ ಸೋತರು. ಆದರೂ ತಮ್ಮವರು ಆ ದೊಡ್ಡವರ ಎದುರಿನಲ್ಲಿ ನಿಲ್ಲಬಲ್ಲರೆಂಬ ನಂಬಿಕೆಯು ಅಂದಿನಿಂದ ಹುಟ್ಟಿತು. ೧೯೩೬ರಲ್ಲಿ ಸಂಬಳದ ಆಟಗಾರರ ಪಂದ್ಯಾವಳಿಯು ಅಲ್ಲಿ ಆರಂಭವಾಯಿತು. ಸವಾಮುರಾ ಮಾತ್ರ ಮೇಜರ್ ಲೀಗಿನಲ್ಲಿ ಆಡಿ ತನ್ನ ಬಲವನ್ನು ಪರೀಕ್ಷಿಸಲಾರದೆ ಹೋದನು. ಯುದ್ಧಕ್ಕೆ ಕರೆಯಲ್ಪಟ್ಟು ೧೯೪೪ರಲ್ಲಿ ಪ್ರಾಣವನ್ನು ಕಳೆದುಕೊಂಡನು.

ಮೇಜರ್ ಲೀಗಿನಲ್ಲಿ ಮೊದಲು ಆಡಿದ ಜಪಾನೀಯನು ಮಸಾನೋರಿ ಮುರಾಕಾಮಿ. ೧೯೬೪ರಲ್ಲಿ ನಾನ್‌ಕಾಯಿ ಹಾಕ್ಸ್ ಎಂಬ ತಂಡವು ತನ್ನ ಮೂವರು ಎಳೆಯ ಆಟಗಾರರನ್ನು ಅಭ್ಯಾಸಕ್ಕಾಗಿ ಸಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಕೆಳದರ್ಜೆಯ ಪಂಗಡಕ್ಕೆ ಕಳುಹಿಸಿತು. ಅವರಲ್ಲಿ ಮುರಾಕಾಮಿಯು ಎಷ್ಟು ಚೆನ್ನಾಗಿ ಆಡಿದನೆಂದರೆ, ಅದೇ ವರುಷದ ಸೆಪ್ಟೆಂಬರ್ ೧ರಂದು ನ್ಯೂಯಾರ್ಕಿನಲ್ಲಿ ಮುಖ್ಯ ತಂಡದ ಪರವಾಗಿ ಆಡುವ ಅವಕಾಶವು ಅವನಿಗೆ ದೊರೆಯಿತು. ಆಗ ಅವನ ವಯಸ್ಸು ೨೦. ಒಡನೆಯೇ ವ್ಯಾಜ್ಯವು ಎದ್ದಿತು. ಒಪ್ಪಂದದ ಪ್ರಕಾರ ೧೦,೦೦೦ ಡಾಲರು ಕೊಟ್ಟು ಅವನನ್ನು ತಾವು ಪಡೆದಿದ್ದೇವೆಂದು ಅಮೇರಿಕದವರು ಹೇಳಿದರು. ನಾವು ಕಲಿಯಲು ಕಳುಹಿಸಿದೆವೇ ಹೊರತು ಮಾರಲಿಲ್ಲವೆಂದು ಜಪಾನಿನವರು ಹೇಳಿದರು. ಕಡೆಗೆ ೧೯೬೫ರಲ್ಲಿ ಮತ್ತೊಂದು ಋತು ಅಲ್ಲಿ ಆಡಿ ಆಮೇಲೆ ಸ್ವದೇಶಕ್ಕೆ ಹಿಂದಿರುಗಬಹುದೆಂದು ರಾಜಿಯಾಯಿತು. ೧೯೬೬ರಿಂದ ಅವನು ಜಪಾನಿನಲ್ಲಿಯೇ ಆಡಿದನು. ೧೯೬೭ರಲ್ಲಿ ಎರಡು ದೇಶದವರೂ ಪರಸ್ಪರರ ಆಟಗಾರರ ಕರಾರನ್ನು ಗೌರವಿಸತಕ್ಕದ್ದೆಂದು ಒಡಂಬಡಿಕೆ ಮಾಡಿಕೊಂಡರು. ಅಲ್ಲಿಂದ ಮುಂದೆ ಸುಮಾರು ೩೦ ವರುಷ ಒಬ್ಬ ಜಪಾನೀಯನೂ ಮೇಜರ್ ಲೀಗಿನಲ್ಲಿ ಆಡಲಿಲ್ಲ. ಈ ಜಗಳದಲ್ಲಿ ಎರಡು ತಂಡಗಳ ಹಕ್ಕಿನ ವಿಚಾರವು ದೀರ್ಘವಾಗಿ ನಡೆಯಿತು. ಆ ಹುಡುಗನ ಇಷ್ಟಕ್ಕೆ ಅದರಲ್ಲಿ ದೊರೆತ ಸ್ಥಾನವು ಸ್ವಲ್ಪವೇ ಎಂಬುದನ್ನು ವಾಚಕರು ಗಮನಿಸಬೇಕು.

ಮುಚ್ಚಿದ ಬಾಗಿಲನ್ನು ತೆರೆದವನು ಹಿದೆಯೊ ನೋಮೊ. ಈತನು ಕಿಂತೆತ್ಸು ತಂಡದ ಎಸೆಗಾರ. ೧೯೯೦ರಿಂದ ೧೯೯೩ರ ವರೆಗೆ ತನ್ನ ಪಂಗಡದಲ್ಲಿ ಅಗ್ರಗಣ್ಯನಾಗಿದ್ದವನು. ಚೆಂಡನ್ನು ಬಿಡುವ ಮುನ್ನ ಮೈಯನ್ನು ಬೆನ್ನು ಕಾಣುವಷ್ಟು ತಿರುಚುತ್ತಿದ್ದುದರಿಂದ ಆತನನ್ನು ಸುಂಟರಗಾಳಿಯೆಂದು ಕರೆಯುತ್ತಿದ್ದರು. ತನ್ನ ತಂಡದೊಡನೆ ಮನಸ್ತಾಪವುಂಟಾಗಲು, ಆತನೂ ಆತನ ಪ್ರತಿನಿಧಿಯೂ ನಿಯಮಾವಳಿಯಲ್ಲಿದ್ದ ಒಂದು ಕಂಡಿಯನ್ನು ಕಂಡುಹಿಡಿದರು. ಸ್ವ ಇಚ್ಛೆಯಿಂದ ನಿವೃತ್ತನಾದ ಆಟಗಾರನು ಮರಳಿ ಆಡುವುದಾದರೆ ಜಪಾನಿನಲ್ಲಿ ತನ್ನ ಹಳೆಯ ತಂಡದಲ್ಲಿಯೇ ಆಡತಕ್ಕದ್ದು ಎಂದು ನಿಯಮವಿತ್ತು. ಪರದೇಶದ ವಿಷಯದಲ್ಲಿ ಅದು ಏನನ್ನೂ ಹೇಳಿರಲಿಲ್ಲ. ನೋಮೊ ನಿವೃತ್ತನಾದನು, ೧೯೯೫ರ ಫೆಬ್ರವರಿಯಲ್ಲಿ ಲಾಸ್ ಏಂಜಲ್ಸ್ ಡಾಜರ್ಸ್ ತಂಡವನ್ನು ಸೇರಿದನು. ಸ್ವದೇಶದಲ್ಲಿ ಆತನನ್ನು ದ್ರೋಹಿಯೆಂದು ಹಳಿದವರೂ ಇದ್ದರು.

ಆದರೆ ಆ ಮಾತು ಬಹುಕಾಲ ನಿಲ್ಲಲಿಲ್ಲ. ೧೯೯೪ರಲ್ಲಿ ಅಮೇರಿಕದ ಆಟಗಾರರ ಮುಷ್ಕರದಿಂದ ಅಲ್ಲಿಯ ಅಂತಿಮ ಪಂದ್ಯಾವಳಿಯೇ ರದ್ದಾಗಿ ಜನರು ಆಟದ ಮೇಲೆ ಬೇಸರಗೊಂಡಿದ್ದರು. ಅಂಥ ಕಾಲದಲ್ಲಿ ನೋಮೊ ಬಂದು, ಮೊದಲನೆಯ ಋತುವಿನಲ್ಲಿಯೇ ೨೩೬ ದಾಂಡಿಗರನ್ನು ಚೆಂಡು ಮುಟ್ಟಲಾರದಂತೆ ಔಟ್ ಮಾಡಿ, ಹೊಸಬರಲ್ಲಿ ಶ್ರೇಷ್ಠನೆಂಬ ಬಿರುದನ್ನು ಗಳಿಸಿದನು. ಆತನು ಆಡುವ ದಿನ ಜಪಾನಿನಲ್ಲಿ ಬೆಳಗಾಗಿರುತ್ತಿತ್ತು. ಕೆಲಸಕ್ಕೆ ಹೊರಟ ಜನರು ಬೀದಿಯ ದೊಡ್ಡ ಪರದೆಗಳ ಮುಂದೆ ನಿಂತು ನೋಡುತ್ತಿದ್ದರು. ನಿನ್ನೆಯ ದ್ರೋಹಿಯು ಇಂದು ಮನೆಯ ಮಗನಾದನು.

ನೋಮೊ ನುಸುಳಿದ ಕಂಡಿಯನ್ನು ಬಳಿಕ ಮುಚ್ಚಿದರು. ಆದರೆ ಹೋಗಬೇಕೆಂಬ ಆಸೆಯನ್ನು ಮುಚ್ಚುವುದು ಸಾಧ್ಯವಾಗಲಿಲ್ಲ. ೧೯೯೭ರಲ್ಲಿ ಹಿದೆಕಿ ಇರಾಬು ಎಂಬ ಎಸೆಗಾರನನ್ನು ಆತನ ತಂಡದವರು ತಮಗೆ ಬೇಕಾದ ಅಮೇರಿಕನ್ ತಂಡವೊಂದಕ್ಕೆ ಒಪ್ಪಿಸಿದರು. ಆತನು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕಲ್ಲದೆ ಬೇರೆಲ್ಲಿಗೂ ಹೋಗುವುದಿಲ್ಲವೆಂದು ಹಟಹಿಡಿದು, ಕಡೆಗೆ ಅಲ್ಲಿಗೇ ಹೋದನು. ಆಟಗಾರನನ್ನು ಕೇಳದೆ ಒಪ್ಪಿಸುವುದೂ ತಪ್ಪು, ಬೆಳೆಸಿದವರ ಕೈ ಬರಿದಾಗುವುದೂ ತಪ್ಪು ಎಂಬುದು ಇದರಿಂದ ಸ್ಪಷ್ಟವಾಗಿ, ೧೯೯೮ರಲ್ಲಿ ಪೋಸ್ಟಿಂಗ್ ಎಂಬ ಪದ್ಧತಿಯು ಜಾರಿಗೆ ಬಂದಿತು.

ಈ ಪದ್ಧತಿಯ ತಿರುಳು ಹೀಗಿದೆ. ಜಪಾನಿನಲ್ಲಿ ಒಬ್ಬ ಆಟಗಾರನು ಈಗಿನ ನಿಯಮದಂತೆ ೯ ಪೂರ್ಣ ಋತುಗಳನ್ನು ಆಡಿದರೆ, ಯಾರ ಅಪ್ಪಣೆಯೂ ಇಲ್ಲದೆ ಪರದೇಶಕ್ಕೆ ಹೋಗಬಹುದು. ಆಗ ಆತನ ತಂಡಕ್ಕೆ ಅಮೇರಿಕದಿಂದ ಏನೂ ದೊರೆಯುವುದಿಲ್ಲ. ೨೦೦೩ರಲ್ಲಿ ಯಾಂಕೀಸ್ ತಂಡವನ್ನು ಸೇರಿ, ೨೦೦೯ರ ಅಂತಿಮ ಪಂದ್ಯಾವಳಿಯಲ್ಲಿ ಶ್ರೇಷ್ಠ ಆಟಗಾರನೆನಿಸಿದ ಹಿದೆಕಿ ಮತ್ಸುಯಿ ಹಾಗೆ ಹೋದವನು. ಆ ಅವಧಿಗಿಂತ ಮುಂಚೆ ಹೋಗಬೇಕೆಂದರೆ ತಂಡದ ಒಪ್ಪಿಗೆ ಬೇಕು. ಒಪ್ಪಿದ ತಂಡವು ಅವನ ಹೆಸರನ್ನು ಅಮೇರಿಕಕ್ಕೆ ತಿಳಿಸುವುದು. ಅವನನ್ನು ಪಡೆದ ತಂಡವು ಅವನ ಸಂಬಳವಲ್ಲದೆ, ಬೆಳೆಸಿದ ತಂಡಕ್ಕೂ ಒಂದು ಮೊತ್ತವನ್ನು ಸಲ್ಲಿಸುವುದು. ಮೊದಲಲ್ಲಿ ಈ ಮೊತ್ತವನ್ನು ಮುಚ್ಚಿದ ಲಕೋಟೆಯ ಹರಾಜಿನಂತೆ ಗೊತ್ತುಮಾಡುತ್ತಿದ್ದರು. ಹೆಚ್ಚು ಕೂಗಿದ ತಂಡವೊಂದಕ್ಕೆ ಮಾತ್ರ ಆಟಗಾರನೊಡನೆ ಮಾತಾಡುವ ಅಧಿಕಾರವಿತ್ತು.

ಹೀಗೆ ಹೋದವರಲ್ಲಿ ಅತ್ಯಂತ ಹೆಸರಾದವನು ಇಚಿರೊ ಸುಝುಕಿ. ಕೋಬೆ ನಗರದ ಓರಿಕ್ಸ್ ತಂಡದಲ್ಲಿ ೧೯೯೪ರಿಂದ ೨೦೦೦ದ ವರೆಗೆ ಏಳು ವರುಷ ಎಡೆಬಿಡದೆ ದಾಂಡಿಗರಲ್ಲಿ ಪ್ರಥಮನಾಗಿದ್ದವನು. ೧೯೯೫ರ ಜನವರಿಯಲ್ಲಿ ಭೂಕಂಪದಿಂದ ಕೋಬೆ ನಗರವು ನೆಲಸಮವಾದಾಗ, ಆ ತಂಡವು ಅಲ್ಲಿಯೇ ಉಳಿದು, ಊರಿಗೆ ಧೈರ್ಯ ಹೇಳುವ ಮಾತನ್ನು ಅಂಗಿಯ ತೋಳಿನಲ್ಲಿ ಧರಿಸಿ ಆಡಿ, ಅದೇ ವರುಷ ತನ್ನ ಪಂಗಡದಲ್ಲಿ ಮೊದಲ ಸ್ಥಾನವನ್ನು ಗಳಿಸಿತು. ಆ ಊರು ಅವನನ್ನು ಎಷ್ಟು ಪ್ರೀತಿಸಿರಬೇಕೆಂಬುದನ್ನು ನೀವೇ ಊಹಿಸಬಲ್ಲಿರಿ. ೨೦೦೦ದ ನವೆಂಬರಿನಲ್ಲಿ ಸಿಯಾಟಲ್ ಮ್ಯಾರಿನರ್ಸ್ ತಂಡವು ೧ ಕೋಟಿ ೩೧ ಲಕ್ಷ ೨೫ ಸಾವಿರ ಡಾಲರು ಕೂಗಿ ಅವನನ್ನು ಪಡೆಯಿತು. ಸಣ್ಣ ಮೈಕಟ್ಟಿನ ಈ ದಾಂಡಿಗನು ಅಲ್ಲಿ ಬಾಳಲಾರನೆಂದು ಶಂಕಿಸಿದವರು ಬಹುಮಂದಿ. ಮೊದಲ ವರುಷದಲ್ಲಿಯೇ ಅವನು ೨೪೨ ಯಶಸ್ವೀ ಹೊಡೆತಗಳನ್ನು ಹೊಡೆದನು. ೨೦೦೪ರಲ್ಲಿ ೨೬೨ ಹೊಡೆದು, ೧೯೨೦ರಿಂದ ನಿಂತಿದ್ದ ೨೫೭ರ ದಾಖಲೆಯನ್ನು ಮುರಿದನು. ಅಮೇರಿಕದಲ್ಲಿ ಅವನ ಒಟ್ಟು ಹೊಡೆತಗಳು ೩,೦೮೯.

ಹರಾಜಿನ ಮೊತ್ತವು ಬರಬರುತ್ತ ಮಿತಿಮೀರಿತು. ೨೦೦೬ರಲ್ಲಿ ದೈಸುಕೆ ಮತ್ಸುಝಾಕಾ ಎಂಬ ಎಸೆಗಾರನಿಗಾಗಿ ಬಾಸ್ಟನ್ ತಂಡವು ೫ ಕೋಟಿ ೧೧ ಲಕ್ಷ ಡಾಲರಿಗೂ ಮಿಕ್ಕ ಹಣವನ್ನು ಕೂಗಿತು. ಇದನ್ನು ತಡೆಯಲು ೨೦೧೩ರಲ್ಲಿ ೨ ಕೋಟಿ ಡಾಲರಿನ ಮಿತಿಯನ್ನು ಹಾಕಿದರು. ಮಿತಿಯ ಮೊತ್ತವನ್ನು ಕೊಡಲು ಒಪ್ಪಿದ ಎಲ್ಲ ತಂಡಗಳೊಡನೆಯೂ ಆಟಗಾರನು ಮಾತಾಡಿ ತನಗೆ ಬೇಕಾದುದನ್ನು ಆರಿಸಿಕೊಳ್ಳಬಹುದೆಂದಾಯಿತು. ಇದು ದೊಡ್ಡ ಸುಧಾರಣೆ. ೨೦೧೮ರಿಂದ ಈಚೆಗೆ ಬೆಳೆಸಿದವರ ಪಾಲನ್ನು ಆಟಗಾರನ ಕರಾರಿನ ಮೊತ್ತದ ಮೇಲೆ ಲೆಕ್ಕಹಾಕುತ್ತಾರೆ: ಮೊದಲ ೨ ಕೋಟಿ ೫೦ ಲಕ್ಷ ಡಾಲರಿಗೆ ನೂರಕ್ಕೆ ೨೦, ಮುಂದಿನ ೨ ಕೋಟಿ ೫೦ ಲಕ್ಷಕ್ಕೆ ನೂರಕ್ಕೆ ಹದಿನೇಳೂವರೆ, ಅದಕ್ಕೂ ಮೇಲಣದಕ್ಕೆ ನೂರಕ್ಕೆ ೧೫. ನಮ್ಮ ಹಳೆಯ ವಿದ್ಯಾರ್ಥಿನಿಯರು ಗಣಿತವನ್ನು ಮರೆತಿಲ್ಲವೆಂದು ನಂಬಿ ಒಂದು ನಿಜವಾದ ಲೆಕ್ಕವನ್ನು ಕೊಡುತ್ತೇವೆ. ೨೦೨೩ರ ಡಿಸೆಂಬರಿನಲ್ಲಿ ಯೋಶಿನೋಬು ಯಮಾಮೊತೊ ಎಂಬ ಎಸೆಗಾರನು ಓರಿಕ್ಸ್ ತಂಡವನ್ನು ಬಿಟ್ಟು, ೧೨ ವರುಷಗಳಿಗೆ ೩೨ ಕೋಟಿ ೫೦ ಲಕ್ಷ ಡಾಲರಿನ ಕರಾರಿನಿಂದ ಡಾಜರ್ಸ್ ತಂಡವನ್ನು ಸೇರಿದನು. ಮೊದಲ ಭಾಗಕ್ಕೆ ೫೦ ಲಕ್ಷ, ಎರಡನೆಯದಕ್ಕೆ ೪೩ ಲಕ್ಷ ೭೫ ಸಾವಿರ, ಉಳಿದ ೨೭ ಕೋಟಿ ೫೦ ಲಕ್ಷಕ್ಕೆ ೪ ಕೋಟಿ ೧೨ ಲಕ್ಷ ೫೦ ಸಾವಿರ. ಕೂಡಿದರೆ ಓರಿಕ್ಸ್ ತಂಡದ ಪಾಲು ೫ ಕೋಟಿ ೬ ಲಕ್ಷ ೨೫ ಸಾವಿರ ಡಾಲರು. ೨೦೨೫ರ ಅಂತಿಮ ಪಂದ್ಯಾವಳಿಯಲ್ಲಿ ಈತನೇ ಮೂರು ಪಂದ್ಯಗಳನ್ನು ಗೆದ್ದುಕೊಟ್ಟು ಶ್ರೇಷ್ಠ ಆಟಗಾರನೆನಿಸಿದನು.

ಇಷ್ಟರಿಂದ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಅದು ಸತ್ಯವಾಗದು. ೨೫ ವರುಷ ತುಂಬದವನಾಗಲಿ ೬ ಋತುಗಳನ್ನು ಪೂರೈಸದವನಾಗಲಿ ಅಮೇರಿಕಕ್ಕೆ ಹೋದರೆ, ಅಲ್ಲಿಯ ನಿಯಮವು ಅವನನ್ನು ಕಲಿಯುವ ಹುಡುಗನಂತೆ ಎಣಿಸಿ ಸ್ವಲ್ಪ ಹಣವನ್ನು ಮಾತ್ರ ಕೊಡಗೊಡುತ್ತದೆ. ಶೋಹೇ ಓತಾನಿ ೨೦೧೭ರ ಡಿಸೆಂಬರಿನಲ್ಲಿ, ತನ್ನ ೨೩ನೆಯ ವಯಸ್ಸಿನಲ್ಲಿ, ೨೩ ಲಕ್ಷ ೧೫ ಸಾವಿರ ಡಾಲರಿನ ಕಾಣಿಕೆಗೆ ಒಪ್ಪಿ ಹೋದನು. ಎರಡು ವರುಷ ತಡೆದಿದ್ದರೆ ಅದರ ಅನೇಕ ಪಾಲು ದೊರೆಯುತ್ತಿತ್ತು. ಆದರೆ ಅವನು ಹಣಕ್ಕಿಂತ ಕಾಲವನ್ನು ಬೆಲೆಯುಳ್ಳದ್ದೆಂದು ಎಣಿಸಿದನು. ಎಸೆತ, ದಾಂಡು ಎರಡರಲ್ಲಿಯೂ ನಿಪುಣನಾದ ಅವನು ೨೦೨೩ರ ಡಿಸೆಂಬರಿನಲ್ಲಿ ೧೦ ವರುಷಗಳಿಗೆ ೭೦ ಕೋಟಿ ಡಾಲರಿನ ಕರಾರನ್ನು ಪಡೆದನೆಂಬುದು ಲೋಕವಿದಿತ. ಅವನು ಮೊದಲು ಹೋದಾಗ ಹಳೆಯ ನಿಯಮವು ಇನ್ನೂ ನಡೆಯುತ್ತಿದ್ದುದರಿಂದ ಅವನ ಜಪಾನಿನ ತಂಡಕ್ಕೆ ೨ ಕೋಟಿ ಡಾಲರು ದೊರೆಯಿತು. ಆದರೆ ೨೦೨೫ರ ಜನವರಿಯಲ್ಲಿ ರೋಕಿ ಸಾಸಾಕಿ ೨೩ನೆಯ ವಯಸ್ಸಿನಲ್ಲಿಯೇ ಹೊರಟಾಗ, ಅವನಿಗೆ ೬೫ ಲಕ್ಷ ಡಾಲರು ಸಂದಿತು. ಅದರ ನಾಲ್ಕರಲ್ಲೊಂದು ಪಾಲಾದ ೧೬ ಲಕ್ಷ ೨೫ ಸಾವಿರ ಮಾತ್ರ ಅವನನ್ನು ತಿದ್ದಿ ಬೆಳೆಸಿದ ತಂಡಕ್ಕೆ. ಅವನು ೨೦೨೨ರಲ್ಲಿ, ೨೦ನೆಯ ವಯಸ್ಸಿನಲ್ಲಿ, ಎದುರು ಪಕ್ಷದ ಒಬ್ಬನೂ ನೆಲೆ ಮುಟ್ಟದಂತೆ ಇಡೀ ಪಂದ್ಯವನ್ನು ಎಸೆದ ಅಪೂರ್ವ ಆಟಗಾರ. ತಡೆದರೆ ಅವನ ಪ್ರಾಯವು ಕಳೆಯುತ್ತದೆ. ಬಿಟ್ಟರೆ ಸಾಕಿದವರ ಶ್ರಮಕ್ಕೆ ತಕ್ಕ ಪ್ರತಿಫಲವಿಲ್ಲ. ಎರಡು ಕಡೆಯಲ್ಲಿಯೂ ನ್ಯಾಯವುಂಟು. ಈ ಗಂಟು ಇನ್ನೂ ಬಿಚ್ಚಿಲ್ಲ.

ಹೋದವರ ದಾರಿಯೂ ಹೂವಿನ ಹಾಸಿಗೆಯಲ್ಲ. ಜಪಾನಿನಲ್ಲಿ ಋತುವಿಗೆ ೧೪೩ ಪಂದ್ಯಗಳು, ಅಮೇರಿಕದಲ್ಲಿ ೧೬೨. ಅಲ್ಲಿ ಎಸೆಗಾರನಿಗೆ ಸಾಮಾನ್ಯವಾಗಿ ವಾರಕ್ಕೊಮ್ಮೆ ಕೆಲಸ. ಇಲ್ಲಿ ಐದಾರು ದಿನಗಳಿಗೊಮ್ಮೆ. ಚೆಂಡು ಕೂಡ ಸ್ವಲ್ಪ ದೊಡ್ಡದು, ಕೈಯಲ್ಲಿ ಜಾರುವಂಥದು. ಎಲ್ಲಕ್ಕಿಂತ ದೊಡ್ಡ ತೊಡಕು ಭಾಷೆ. ೨೦೨೪ರಲ್ಲಿ ಓತಾನಿಯ ದುಭಾಷಿಯೇ, ಜೂಜಿನ ಸಾಲವನ್ನು ತೀರಿಸುವುದಕ್ಕಾಗಿ, ಅವನ ಬ್ಯಾಂಕಿನ ಲೆಕ್ಕದಿಂದ ಸುಮಾರು ೧ ಕೋಟಿ ೭೦ ಲಕ್ಷ ಡಾಲರನ್ನು ಅಪಹರಿಸಿದ್ದು ಬಯಲಿಗೆ ಬಂದಿತು. ೨೦೨೫ರಲ್ಲಿ ನ್ಯಾಯಾಲಯವು ಆತನಿಗೆ ಸೆರೆವಾಸವನ್ನು ವಿಧಿಸಿತು. ನಮ್ಮ ಲೆಕ್ಕವನ್ನು ನಾವೇ ಓದಲು, ನಮ್ಮ ಮಾತನ್ನು ನಾವೇ ಆಡಲು ಕಲಿತಿರಬೇಕೆಂದು ನಾವು ತರಗತಿಯಲ್ಲಿ ಹೇಳುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಮನೆಯ ಅಂಗಳದ ಗತಿ ಏನಾಯಿತು? ಶ್ರೇಷ್ಠರೆಲ್ಲ ಹೋದರೆ ಜಪಾನಿನ ಆಟವು ಬರಿದಾಗುವುದೆಂದು ಹಲವರು ಭಯಪಟ್ಟಿದ್ದರು. ತಮ್ಮ ಮೆಚ್ಚಿನ ಆಟಗಾರನನ್ನು ಕಣ್ಣೆದುರಿನಲ್ಲಿ ನೋಡುವ ಭಾಗ್ಯವನ್ನು ಆ ಊರವರು ಕಳೆದುಕೊಂಡದ್ದು ನಿಜ. ಅದನ್ನು ಹಣದಿಂದ ತುಂಬಲಾಗದು. ಆದರೆ ಅಂಗಳವು ಬರಿದಾಗಲಿಲ್ಲ. ೨೦೨೪ರಲ್ಲಿ ಜಪಾನಿನ ೧೨ ತಂಡಗಳ ಪಂದ್ಯಗಳಿಗೆ ೨ ಕೋಟಿ ೬೦ ಲಕ್ಷಕ್ಕೂ ಮಿಕ್ಕಿ ಪ್ರೇಕ್ಷಕರು ಬಂದರು. ೨೦೦೬, ೨೦೦೯, ೨೦೨೩ರ ವಿಶ್ವ ಪಂದ್ಯಾವಳಿಗಳಲ್ಲಿ ಜಪಾನು ಜಯಶಾಲಿಯಾಯಿತು. ಅಮೇರಿಕಕ್ಕೆ ಹೋದವರು ಮರಳಿ ಬಂದು ಸ್ವದೇಶದ ಅಂಗಿಯನ್ನು ತೊಟ್ಟು, ಹೋಗದವರೊಡನೆ ಹೆಗಲೆಣೆಯಾಗಿ ಆಡಿದರು.

ಹೆಣ್ಣುಮಕ್ಕಳ ಶಾಲೆಯವರಾದ ನಮಗೆ ಹೆಚ್ಚು ಪ್ರಿಯವಾದ ಸಂಗತಿಯನ್ನು ಕಡೆಗೆ ಇಟ್ಟುಕೊಂಡಿದ್ದೇವೆ. ೨೦೧೯ರಲ್ಲಿ ಟೋಕಿಯೊ ನಗರದಲ್ಲಿಯೇ ಕೊನೆಯ ಪಂದ್ಯವನ್ನಾಡಿ ನಿವೃತ್ತನಾದ ಇಚಿರೊ, ಅನಂತರ ಪ್ರೌಢಶಾಲೆಗಳಿಗೆ ಹೋಗಿ ಮಕ್ಕಳಿಗೆ ಆಟವನ್ನು ಹೇಳಿಕೊಡತೊಡಗಿದನು. ೨೦೨೧ರ ಡಿಸೆಂಬರಿನಲ್ಲಿ ಕೋಬೆ ನಗರದಲ್ಲಿ, ಜಪಾನಿನ ಪ್ರೌಢಶಾಲೆಗಳಿಂದ ಆರಿಸಿದ ಹುಡುಗಿಯರ ತಂಡದ ಎದುರಿಗೆ ತನ್ನ ಗೆಳೆಯರ ತಂಡವನ್ನು ಕಟ್ಟಿಕೊಂಡು ಆಡಿ, ೯ ಸರದಿಗಳನ್ನೂ ತಾನೇ ಎಸೆದನು. ಹುಡುಗಿಯರೆಂದು ಕನಿಕರ ತೋರಿಸಲಿಲ್ಲ. ಸರಿಸಮಾನರೆಂದು ಪೂರ್ಣ ಬಲದಿಂದ ಎಸೆದನು. ಮುಂದಿನ ವರುಷಗಳಲ್ಲಿಯೂ ಆ ಪಂದ್ಯವು ನಡೆಯಿತು. ಜಪಾನಿನ ಸ್ತ್ರೀಯರ ತಂಡವು ೨೦೦೮ರಿಂದ ೨೦೨೪ರ ವರೆಗೆ ವಿಶ್ವ ಪಂದ್ಯಾವಳಿಯನ್ನು ಏಳು ಬಾರಿ ಎಡೆಬಿಡದೆ ಗೆದ್ದಿರುವುದನ್ನೂ, ಅದರ ಎಸೆಗಾರ್ತಿಯಾದ ಅಯಾಮಿ ಸಾತೊ ೨೦೨೫ರಲ್ಲಿ ಕೆನಡಾದ ಟೊರಾಂಟೊ ನಗರದ ಗಂಡಸರ ತಂಡವೊಂದರಲ್ಲಿ ಆಡಿದುದನ್ನೂ ಇಲ್ಲಿ ಹೇಳಬೇಕು. ದಾರಿಯು ಗಂಡುಮಕ್ಕಳಿಗೆ ಮಾತ್ರ ತೆರೆದಿಲ್ಲ.

೨೦೨೫ರ ಜುಲೈ ತಿಂಗಳಲ್ಲಿ ಅಮೇರಿಕದ ಕೂಪರ್ಸ್‌ಟೌನಿನಲ್ಲಿ ಇಚಿರೊವಿನ ಹೆಸರು ಆ ಆಟದ ಕೀರ್ತಿಮಂದಿರದಲ್ಲಿ ಸೇರಿತು. ೩೯೪ ಮತಗಳಲ್ಲಿ ೩೯೩ ಅವನಿಗೆ ಬಂದಿದ್ದವು. ಎಷ್ಟೋ ವರುಷ ದುಭಾಷಿಯ ಮೂಲಕ ಪತ್ರಿಕೆಯವರೊಡನೆ ಮಾತಾಡುತ್ತಿದ್ದ ಅವನು ಅಂದು ಇಂಗ್ಲಿಷಿನಲ್ಲಿಯೇ ಭಾಷಣ ಮಾಡಿದನು. ಪರರ ಭಾಷೆಯನ್ನು ಕಲಿತರೂ ತನ್ನ ನೆಲವನ್ನು ಬಿಡಲಿಲ್ಲ. ತನ್ನ ನೆಲವನ್ನು ಬಿಡದಿದ್ದರೂ ಪರರ ನೆಲದಲ್ಲಿ ಅನ್ಯನಾಗಲಿಲ್ಲ.

ಪ್ರಿಯ ತಾಯಿತಂದೆಗಳೇ, ದಣಿಯು ಕೊಟ್ಟ ತಲಾಂತನ್ನು ಮಣ್ಣಿನಲ್ಲಿ ಹೂತಿಟ್ಟ ಆಳಿನ ಸಾಮ್ಯವನ್ನು ನೀವು ಬಲ್ಲಿರಿ. ಕಳೆದೀತೆಂಬ ಭಯದಿಂದ ಅವನು ಹಾಗೆ ಮಾಡಿದನು. ನಿಮ್ಮ ಭಯವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಕಳುಹಿಸುವ ಮನೆಯಲ್ಲಿ ಒಂದು ಜಾಗ ಬರಿದಾಗುವುದನ್ನು ನಾವೂ ಪ್ರತಿ ವರುಷ ಕಾಣುತ್ತೇವೆ. ಆದರೆ ಮಗಳನ್ನು ಕೇಳದೆ ತಡೆಯುವುದೂ, ಕೇಳದೆ ಒಪ್ಪಿಸಿಬಿಡುವುದೂ ಒಂದೇ ತಪ್ಪಿನ ಎರಡು ಮುಖಗಳು. ಅವಳೊಡನೆ ಕುಳಿತು ಮಾತಾಡಿರಿ. ಆಮೇಲೆ ಹರಸಿ ಕಳುಹಿಸಿರಿ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಿಂದ ಈ ಶಾಲೆಗೆ ನೂರಕ್ಕೆ ಇಷ್ಟೆಂಬ ಪಾಲು ಬೇಡ. ನೀವು ಎಲ್ಲಿದ್ದರೂ ಚೆನ್ನಾಗಿ ಆಡಿರಿ. ಊರಿಗೆ ಬಂದಾಗ ಒಂದು ದಿನ ನಮ್ಮ ಅಂಗಳಕ್ಕೆ ಬಂದು, ಈಗಿನ ಹುಡುಗಿಯರಿಗೆ ನೀವು ಕಲಿತುದನ್ನು ಹೇಳಿಕೊಡಿರಿ. ಅದೇ ನಮ್ಮ ಪಾಲು.